ಮುಖಕ್ಕೆ ಮಸಿ ಬಳಿದವರು

ಒಬ್ಬನ ಮುಖಕ್ಕೆ ಮಸಿ ಬಳಿಯುವುದೆಂದರೆ ನಮ್ಮ ಭಾಷೆಯಲ್ಲಿ ಅವನ ಮಾನ ಕಳೆಯುವುದೆಂದರ್ಥ. ಅಮೆರಿಕದ ಹಳೆಯ ಸಿನಿಮಾದವರು ಮಸಿಯನ್ನು ತಮ್ಮ ಮುಖಕ್ಕೇ ಬಳಿದುಕೊಂಡು ಇತರರ ಮಾನ ಕಳೆದರು. ಬಿಳಿಯ ನಟರು ಕಪ್ಪು ಹಚ್ಚಿಕೊಂಡು ಬಂದು, ಕರಿಯರೆಂದರೆ ಸೋಮಾರಿಗಳು, ಹೆಡ್ಡರು, ಹೆಣ್ಣಿನ ಮೇಲೆರಗುವವರು ಎಂದು ಆಡಿ ತೋರಿಸಿದರು.

ಓದುಗ ಬಂಧುಗಳೇ, ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಲ್ಲಿ ಹೊರಟಿಲ್ಲ. ಅದನ್ನು ವಿದ್ವಾಂಸರು ಬೇಕಾದಷ್ಟು ಮಾಡಿದ್ದಾರೆ. ಸುಳ್ಳೊಂದು ಮನುಷ್ಯನ ಹೃದಯವನ್ನು ಯಾವ ಬಾಗಿಲಿನಿಂದ ಹೊಕ್ಕುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

1915ರಲ್ಲಿ ಡಿ.ಡಬ್ಲ್ಯು. ಗ್ರಿಫಿತ್ ಎಂಬವರು ‘ದಿ ಬರ್ತ್ ಆಫ್ ಎ ನೇಶನ್’ ಎಂಬ ಮೂಕಿ ಚಿತ್ರವನ್ನು ಹೊರತಂದರು. ಸುಮಾರು ಮೂರು ತಾಸಿನ ಚಿತ್ರ. ಚಿತ್ರ ನಿರ್ಮಾಣದ ಕೌಶಲಕ್ಕಾಗಿ ಇಂದಿಗೂ ಅದನ್ನು ಅಭ್ಯಾಸ ಮಾಡುವವರಿದ್ದಾರೆ. ಆದರೆ ಕಥೆಯೇನು? ಅಂತರ್ಯುದ್ಧ ಮುಗಿದು ಗುಲಾಮರು ಬಿಡುಗಡೆಯಾದ ಬಳಿಕ ದಕ್ಷಿಣದ ರಾಜ್ಯಗಳು ಕರಿಯರ ಕೈಯಲ್ಲಿ ಹಾಳಾದವಂತೆ. ಮುಸುಕು ಧರಿಸಿ ಕುದುರೆಯೇರಿ ಬಂದ ಕು ಕ್ಲಕ್ಸ್ ಕ್ಲಾನ್ ಎಂಬ ಕೊಲೆಗಡುಕರ ಕೂಟ ಅವುಗಳನ್ನು ಉದ್ಧರಿಸಿತಂತೆ! ಬಿಳಿಯ ಹುಡುಗಿಯೊಬ್ಬಳ ಬೆನ್ನಟ್ಟುವ ಕರಿಯನನ್ನು ಕ್ಲಾನಿನವರು ಕೊಲ್ಲುತ್ತಾರೆ. ಆ ಕರಿಯನ ಪಾತ್ರ ಮಾಡಿದವನೂ ಮಸಿ ಬಳಿದುಕೊಂಡ ಬಿಳಿಯನೇ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಘಟನೆ ಪ್ರತಿಭಟಿಸಿತು. ಆದರೆ ಚಿತ್ರ ಅಧ್ಯಕ್ಷ ವಿಲ್ಸನ್‌ರ ಶ್ವೇತಭವನದಲ್ಲೂ ಪ್ರದರ್ಶನಗೊಂಡಿತು.

ಈ ಚಿತ್ರಕ್ಕೆ ಆಧಾರವಾದ ಕಾದಂಬರಿಯನ್ನು ಬರೆದ ಥಾಮಸ್ ಡಿಕ್ಸನ್ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದವರು. ಆಗ ಕ್ಲಾನ್ ಎಂಬುದು ಸತ್ತುಹೋಗಿ ದಶಕಗಳೇ ಕಳೆದಿದ್ದವು. 1915ರ ನವೆಂಬರಿನಲ್ಲಿ ವಿಲಿಯಂ ಸಿಮನ್ಸ್ ಎಂಬ ಮಾಜಿ ಧರ್ಮಬೋಧಕ ಅಟ್ಲಾಂಟದ ಬಳಿಯ ಸ್ಟೋನ್ ಮೌಂಟನ್ ಬೆಟ್ಟವೇರಿ, ಶಿಲುಬೆಗೆ ಬೆಂಕಿ ಹಚ್ಚಿ ಅದನ್ನು ಮತ್ತೆ ಸ್ಥಾಪಿಸಿದ. ಗಮನಿಸಿ, ಹಳೆಯ ಕ್ಲಾನಿನಲ್ಲಿ ಶಿಲುಬೆ ಸುಡುವ ಪದ್ಧತಿಯೇ ಇರಲಿಲ್ಲ! ಅದು ಡಿಕ್ಸನ್‌ರ ಕಾದಂಬರಿಯಿಂದ ಪರದೆಗೆ ಬಂದದ್ದು, ಪರದೆಯಿಂದ ಬೆಟ್ಟಕ್ಕೆ ಏರಿದ್ದು. 1920ರ ದಶಕದಲ್ಲಿ ಲಕ್ಷಗಟ್ಟಲೆ ಜನ ಆ ಕೂಟದ ಸದಸ್ಯರಾದರು.

ಎಲ್ಲ ಸುಳ್ಳುಗಳೂ ಇಷ್ಟು ಕ್ರೂರವಾಗಿ ಬರುವುದಿಲ್ಲ. 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರದಲ್ಲಿ ಗುಲಾಮರು ಒಡೆಯರ ಮನೆಯಲ್ಲಿ ನಗುನಗುತ್ತ ದುಡಿಯುತ್ತಾರೆ. ದಾಸಿಯ ಪಾತ್ರ ಮಾಡಿದ ಹ್ಯಾಟಿ ಮ್ಯಾಕ್‌ಡೇನಿಯಲ್‌ಗೆ 1940ರಲ್ಲಿ ಆಸ್ಕರ್ ದೊರೆಯಿತು, ಕರಿಯರಲ್ಲಿ ಮೊತ್ತಮೊದಲಿಗೆ. ಆದರೆ ಆ ರಾತ್ರಿ ಆಕೆಯನ್ನು ಕೂರಿಸಿದ್ದು ಸಹನಟರಿಂದ ದೂರದ ಮೇಜಿನಲ್ಲಿ. 1952ರಲ್ಲಿ ತೀರಿಕೊಂಡಾಗ ಆಕೆ ಬಯಸಿದ ಸ್ಮಶಾನದಲ್ಲಿ ಜಾಗವೂ ಸಿಗಲಿಲ್ಲ, ಅದು ಬಿಳಿಯರಿಗೆ ಮೀಸಲು. ಮೆಚ್ಚಿ ಕಣ್ಣೀರು ಸುರಿಸಿದ ಪ್ರೇಕ್ಷಕರಿಗೆ ಪಕ್ಕದಲ್ಲಿ ಕೂರಿಸಿಕೊಳ್ಳಲು ಮನಸ್ಸಿರಲಿಲ್ಲ!

ಇದನ್ನೋದಿ ‘ಕ್ರೈಸ್ತರೇ ಹಾಗೆ’ ಎಂದು ಹಗುರಾಗಬೇಡಿ. ಕರಿಯರ ವಿಮೋಚನೆಗಾಗಿ ಪ್ರಾಣ ಕೊಟ್ಟ ಮಾರ್ಟಿನ್ ಲೂಥರ್ ಕಿಂಗ್ ಕೂಡ ಬ್ಯಾಪ್ಟಿಸ್ಟ್ ಪಾದ್ರಿಯೇ. ಆಫ್ರಿಕದ ಮಕ್ಕಳನ್ನು ಹಡಗಿಗೆ ತುಂಬಿ ಮಾರಿದವರಲ್ಲಿ ಪೋರ್ಚುಗೀಸರಿದ್ದರು, ಕಲಿಮ ಹೇಳುತ್ತಿದ್ದ ಅರಬ್ ವ್ಯಾಪಾರಿಗಳೂ ಇದ್ದರು. ಹಾಗೆ ಬಂದವರ ಸಂತತಿ ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿದೆ. ಆ ಸಿದ್ದಿಗಳಲ್ಲಿ ನಮ್ಮದೇ ಕಿಬ್ಲಾದತ್ತ ಮುಖ ಮಾಡಿ ನಮಾಝ್ ಮಾಡುವವರಿದ್ದಾರೆ. ಅವರ ಮನೆಗೆ ಹೆಣ್ಣು ಕೊಡುವ ಮಾತನ್ನು ನಮ್ಮಲ್ಲೆಷ್ಟು ಮಂದಿ ಎತ್ತಿದ್ದೇವೆ?

ಸಿನಿಮಾಗಳಲ್ಲಿ ಮುಸ್ಲಿಮನನ್ನು ಬಾಂಬ್ ಇಡುವವನಾಗಿ ತೋರಿಸಿದಾಗ ನಮಗೆ ನೋವಾಗುತ್ತದೆ. ಆಗಲೇಬೇಕು. ಅದೂ ಮಸಿಯೇ. ಆದರೆ ಅದೇ ನಾವು ಹೆಣ್ಣು ನೋಡಲು ಹೋದಲ್ಲಿ ದೀನ್ ಬಗ್ಗೆ ಕೇಳುವ ಮುಂಚೆ ಬಣ್ಣ ಕೇಳುತ್ತೇವೆ. ‘ಹುಡುಗಿ ಒಳ್ಳೆಯವಳು, ಸ್ವಲ್ಪ ಕಪ್ಪು’ ಎಂಬಲ್ಲಿ ಆ ‘ಸ್ವಲ್ಪ’ದ ಭಾರವನ್ನು ಹೊರುವವಳು ಬಾಗಿಲ ಹಿಂದೆ ನಿಂತ ಹುಡುಗಿ. ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮಿನ ಕಂಪೆನಿಗೇ 2020ರಲ್ಲಿ ನಾಚಿಕೆಯಾಗಿ ಹೆಸರು ಬದಲಿಸಿತು. ನಮ್ಮ ನಾಲಿಗೆ ಬದಲಾಗಿಲ್ಲ. ಭಾಷೆಗಳ, ವರ್ಣಗಳ ವೈವಿಧ್ಯವು ತನ್ನ ದೃಷ್ಟಾಂತಗಳಲ್ಲೊಂದೆಂದು ಅಲ್ಲಾಹನು ಸೂರಃ ಅರ್ರೂಮ್‌ನಲ್ಲಿ ತಿಳಿಸುತ್ತಾನೆ. ಅವನ ದೃಷ್ಟಾಂತವನ್ನೇ ನಾವು ಕುಂದು ಎಂದೆಣಿಸುವುದೆ?

ಹಝ್ರತ್ ಅಬೂದರ್ರ್(ರ)ರಂತಹ ಮಹಾನುಭಾವರ ಬಾಯಿಂದಲೂ ಒಮ್ಮೆ ಇಂಥ ಮಾತು ಬಂದಿತ್ತು. ಒಬ್ಬರೊಡನೆ ಜಗಳವಾಡುತ್ತ, ಅವರ ತಾಯಿ ಅರಬಳಲ್ಲವೆಂದು ಮೂದಲಿಸಿದರು. ‘ಕರಿಯಳ ಮಗ’ ಎಂದರೆಂದೂ ವರದಿಗಳಿವೆ. ವಿಷಯ ತಿಳಿದ ಪ್ರವಾದಿವರ್ಯರು(ಸ), ನಿಮ್ಮಲ್ಲಿ ಜಾಹಿಲಿಯ್ಯತ್ತಿನ ಗುಣ ಇನ್ನೂ ಉಳಿದಿದೆ ಎಂದು ಮುಖಕ್ಕೆ ಹೇಳಿದರು. ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಉಣಿಸಿ, ಉಡುವುದನ್ನೇ ಉಡಿಸಿ ಎಂದೂ ಬೋಧಿಸಿದರು. ಹಜ್ಜಲ್ಲ, ಜಿಹಾದಲ್ಲ, ಬರೀ ಒಂದು ಬೈಗುಳದ ವಿಚಾರ!

ವರ್ಷಗಳ ನಂತರ ಮಅ್‌ರೂರ್ ಎಂಬವರು ರಬದಾ ಎಂಬಲ್ಲಿ ಅಬೂದರ್ರ್(ರ)ರನ್ನು ಕಂಡರು. ಅವರ ಮೈಮೇಲಿದ್ದಂಥದೇ ಉಡುಪು ಅವರ ಗುಲಾಮನ ಮೈಮೇಲೂ ಇತ್ತು. ಇದೇಕೆ ಹೀಗೆಂದು ಮಅ್‌ರೂರ್ ಕೇಳಿದಾಗ ಅಬೂದರ್ರ್(ರ) ಹೇಳಿದ್ದು ಈ ಪ್ರಸಂಗವನ್ನೇ.