ಶೂನ್ಯ ದೋಷ

31 ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ನನಗೆ ಆ ಶಾಸ್ತ್ರದ ಮೊದಲನೆಯ ಪಾಠ ಅರ್ಥವಾದದ್ದು ಒಂದು ಕೋಳಿಯಿಂದ ಎಂದರೆ ಹಳೆಯ ವಿದ್ಯಾರ್ಥಿಗಳು ನಕ್ಕಾರು. ನಗಲಿ, ಅವರಿಗೆ ಆ ಹಕ್ಕಿದೆ.

ಕಳೆದ ಡಿಸೆಂಬರಿನಲ್ಲಿ ಮಗಳು, ಅಳಿಯ, ಮೊಮ್ಮಗಳು ಮಂಗಳೂರಿಗೆ ಬಂದಿದ್ದರು. ಕೋಳಿ ಎಂದರೆ ನಮ್ಮ ಮನೆಯಲ್ಲಿ ಸುಕ್ಕ, ಇಲ್ಲವಾದರೆ ರೊಟ್ಟಿಯ ಜೊತೆಗೆ ಸಾರು. ಈ ಸಲ ಇಡೀ ಕೋಳಿಯನ್ನು ಓವನ್ನಿನಲ್ಲಿ ರೋಸ್ಟ್ ಮಾಡುವ ಹುರುಪು ನನಗೆ ಬಂತು. ನೆರೆಮನೆಯ ಬಾಯಮ್ಮ ಕ್ರಿಸ್ಮಸ್ಸಿಗೆ ಮಾಡುವ ಕ್ರಮವನ್ನು ಕೇಳಿಕೊಂಡೆ. ಒಂದೂವರೆ ಕಿಲೋದ ಕೋಳಿಗೆ ಹಿಂದಿನ ರಾತ್ರಿಯೇ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ಲಿಂಬೆರಸ ಸವರಿಡಬೇಕು. 200 ಡಿಗ್ರಿಯಲ್ಲಿ ಒಂದೂಕಾಲು ಗಂಟೆ ಬೇಯಿಸಬೇಕು. ಮಸಾಲೆ ಹಚ್ಚುವ ಕೆಲಸ ಮನೆಯಾಕೆಯದು. ಕಾವು, ಗಡಿಯಾರ, ಓವನ್ನಿನ ಶುಚಿ ನನ್ನ ಪಾಲಿನದು.

ಹೊರಗೆ ಬಂದ ಕೋಳಿಯ ಎದೆ ಹೊಂಬಣ್ಣವಾಗಿತ್ತು. ಎಲ್ಲರೂ ಭೇಷ್ ಎಂದರು. ಮೊಮ್ಮಗಳಿಗೆಂದು ತೊಡೆಯ ಸಂದಿಗೆ ಚೂರಿ ಹಾಕಿದೆ. ನಸುಗೆಂಪು ನೀರು ತಟ್ಟೆಗೆ ಇಳಿಯಿತು. ಒಳಗೆ ಪೂರಾ ಹಸಿ.

ಬಣ್ಣ ಬರೀ ಮೇಲಿನ ಸುದ್ದಿ. ಮಾಂಸ ಕೆಂಪಗಾಗುವ ಕ್ರಿಯೆಯನ್ನು ಫ್ರಾನ್ಸಿನ ಮೈಲ್ಲಾರ್ 1912ರಲ್ಲಿ ವಿವರಿಸಿದ. ಸುಮಾರು 140 ಡಿಗ್ರಿ ದಾಟಿದರೆ ಅದು ಚುರುಕಾಗುತ್ತದೆ. ಮೇಲಿನ ರಾಡಿಗೆ ಹತ್ತಿರವಿದ್ದ ಚರ್ಮಕ್ಕೆ ಆ ಕಾವು ಸಿಕ್ಕಿತ್ತು. ಆದರೆ ಕೋಳಿ ಬೆಂದಿತೆನ್ನಲು ತೊಡೆಯ ಒಳಗೆ, ಮೂಳೆಯ ಪಕ್ಕದಲ್ಲಿ, 74 ಡಿಗ್ರಿ ಬರಬೇಕು. ಬಾರದ ಮಾಂಸವನ್ನು ಮಗುವಿಗೆ ಕೊಟ್ಟರೆ ಕಾಯಿಲೆಯನ್ನೇ ಬಡಿಸಿದಂತೆ.

ಇಷ್ಟೆಲ್ಲ ತಿಳಿದ ನಾನು ಆಗ ಆಡಿದ ಮಾತು ಯಾವುದು? "ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೆಯೇ ತಂದು ಕೊಟ್ಟರೆ ಬೇಯುವುದು ಹೇಗೆ?" ಎಂದು ಮನೆಯಾಕೆಗೆ ಎಲ್ಲರ ಎದುರು ಹೇಳಿದೆ. ಅವಳು ಉತ್ತರ ಕೊಡಲಿಲ್ಲ. ಕೋಳಿಯನ್ನು ತುಂಡು ಮಾಡಿ, ಬಾಣಲೆಗೆ ಈರುಳ್ಳಿ ಹಾಕಿ, ಅರ್ಧ ಗಂಟೆಯಲ್ಲಿ ಊಟವನ್ನು ಉಳಿಸಿದಳು.

ಅವರೆಲ್ಲ ಊರಿಗೆ ಮರಳಿದ ಮೇಲೆ ತನಿಖೆಗೆ ಕುಳಿತೆ. ಮೊದಲ ಅನುಮಾನ ಕರೆಂಟಿನ ಮೇಲೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ರಾಡಿನ ಶಕ್ತಿ ನೂರಕ್ಕೆ ಅರವತ್ತರಷ್ಟಕ್ಕೆ ಇಳಿಯುತ್ತದೆ. ಆದರೆ ಆ ದಿನ ದೀಪ, ಫ್ಯಾನು ಸರಿಯಾಗಿಯೇ ಇದ್ದವು. ಎರಡನೆಯದು ರಾಡುಗಳ ಮೇಲೆ. ಮೇಲಿನದೂ ಕೆಳಗಿನದೂ ಕೆಂಪಗಾದವು. ಬಾಗಿಲೂ ಬಿಗಿಯಾಗಿ ಕೂರುತ್ತಿತ್ತು. ಇನ್ನು ಉಳಿದದ್ದು ಓವನ್ ಮಾಡಿದವರನ್ನು ಬೈಯುವುದೊಂದೇ.

"ಮಾಸ್ಟ್ರೇ, ಒಂದು ಚಮಚ ಸಕ್ಕರೆ ಇಟ್ಟು ನೋಡಿ," ಎಂದರು ಬಾಯಮ್ಮ. ನನಗೆ ನಾಚಿಕೆಯಾಯಿತು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ ಎಂದು ನನಗೆ ಗೊತ್ತಿಲ್ಲವೇ? 200ಕ್ಕೆ ಇಟ್ಟು ಕಾಲು ಗಂಟೆ ಕಾದೆ. ಸಕ್ಕರೆ ಬೆಳ್ಳಗೇ ಇತ್ತು. 220ಕ್ಕೂ ಹಾಗೆಯೇ. ಗೆರೆ 240ಕ್ಕೆ ಬಂದಾಗ ಕರಗಿತು. ಅಂದರೆ ನನ್ನ 200 ನಿಜದಲ್ಲಿ 150ರ ಆಸುಪಾಸು. ನಾಬನ್ನು ಹಿಡಿದೆಳೆದರೆ ಕೈಗೇ ಬಂತು. ಒಳಗಿನ ಪ್ಲಾಸ್ಟಿಕ್ ಸವೆದು, ಹೇಗೆ ಸಿಕ್ಕಿಸಿದರೂ ಕೂರುವ ಹಾಗಾಗಿತ್ತು. ನೆಂಟರು ಬರುತ್ತಾರೆಂದು ಅದನ್ನು ಕಿತ್ತು, ಸೋಪು ಹಾಕಿ ತೊಳೆದು, ಓರೆಯಾಗಿ ಸಿಕ್ಕಿಸಿದವನು ನಾನೇ.

ಸ್ಕ್ರೂಗೇಜಿನ ದವಡೆ ಮುಚ್ಚಿದಾಗ ಗುರುತು ಸೊನ್ನೆಗೆ ಬರಬೇಕು. ಬಾರದಿದ್ದರೆ ಎಷ್ಟು ತಪ್ಪಿದೆ ಎಂದು ಮೊದಲೇ ಬರೆದುಕೊಂಡು, ಪ್ರತಿ ಅಳತೆಯನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು. ಇದಕ್ಕೆ ಶೂನ್ಯ ದೋಷ ಎನ್ನುತ್ತೇವೆ. ದೋಷವಿರುವ ಉಪಕರಣವನ್ನು ಯಾರೂ ಎಸೆಯುವುದಿಲ್ಲ. ದೋಷ ಇಷ್ಟು ಎಂದು ಗೊತ್ತಿದ್ದರೆ ಅದರಿಂದಲೂ ಸರಿಯಾದ ಅಳತೆ ಸಿಗುತ್ತದೆ. ಮನುಷ್ಯನ ವಿಷಯವೂ ಹೀಗೆಯೇ ಇರಬೇಕು. ತಪ್ಪಿಲ್ಲದವರು ಎಲ್ಲಿದ್ದಾರೆ? ಆದರೆ ತಪ್ಪು ಹುಡುಕುವಾಗ ನಾವು ಹಿಡಿಯುವ ದಾರಿ ನೋಡಿ: ಮೊದಲು ಹೆಂಡತಿ, ಆಮೇಲೆ ಕರೆಂಟು, ಆಮೇಲೆ ಯಂತ್ರ. ನಮ್ಮ ಕೈಯ ಸರದಿ ಬರುವುದು ಬೇರೆ ಯಾರೂ ಉಳಿಯದಿದ್ದಾಗ.

ಒಮ್ಮೆ ಲ್ಯಾಬಿನಲ್ಲಿ ಒಬ್ಬ ಹುಡುಗನ ಅಂಕಿಗಳು ಎಲ್ಲರಿಗಿಂತ ಬೇರೆಯಾಗಿದ್ದವು. ನೋಡದೆ ಬರೆದಿದ್ದಾನೆಂದು ಬೈದು, ಹಾಳೆ ಹರಿದೆ. ಸಂಜೆ ಕಸದ ಬುಟ್ಟಿಯಲ್ಲಿ ಆ ಚೂರು ಕಣ್ಣಿಗೆ ಬಿತ್ತು. ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅವನು ತನ್ನ ಸ್ಕ್ರೂಗೇಜಿನ ಶೂನ್ಯ ದೋಷವನ್ನು ಬರೆದಿದ್ದ. ಓದದವನು ನಾನು. ಮರುದಿನ ಅಂಕ ಕೊಟ್ಟೆ, ತಪ್ಪಾಯಿತು ಎನ್ನಲಿಲ್ಲ.

ನಾಬನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಯಾಕೆಗೆ ಹೇಳಿದೆ, "ಆ ದಿನದ ತಪ್ಪು ನನ್ನದು."

"ನೀವು ಅದನ್ನು ಕಿತ್ತು ತೊಳೆದದ್ದು ನೋಡಿದ್ದೆ. ಕೋಳಿ ಹಸಿ ಇದ್ದದ್ದು ಕಂಡಾಗಲೇ ಅಂದಾಜಾಯಿತು," ಎಂದಳು.

"ಮತ್ತೆ ಹೇಳಲಿಲ್ಲ ಯಾಕೆ?"

"ಅಳಿಯಂದಿರ ಎದುರು ಹೇಳುವುದು ಹೇಗೆ?"

ನಾನು ತಪ್ಪು ಹೊರಿಸಿದ್ದು ನಾಲ್ಕು ಜನರ ಎದುರು, ಒಪ್ಪಿಕೊಂಡದ್ದು ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ. ಆ ಲೆಕ್ಕವೂ ಸರಿಯಿಲ್ಲ ಎನಿಸಿ, ಭಾನುವಾರ ಮಗಳಿಗೂ ಅಳಿಯನಿಗೂ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಇಬ್ಬರೂ ನಕ್ಕರು.

ಆ ಹುಡುಗನ ವಿಳಾಸ ಮಾತ್ರ ನನ್ನಲ್ಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.