ದಾಸರ ಹಾಡಿಗೆ ಬಂದ ಅಂಗಡಿ

 

ಜಪಾನಿನಲ್ಲಿರೋ ನಮ್ಮಂಥವರ ಭಜನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತೆ: "ದಾಸರ ಪದ ಹಾಡೋದೇನೋ ಸರಿ, ನಮ್ಮದೇ ಅಂತ ಎರಡು ಸಾಲು ಕಟ್ಟೋಕೆ ನಮ್ಮಿಂದೆಲ್ಲಿ ಆಗುತ್ತೆ? ದಿನವಿಡೀ ಕಂಪ್ಯೂಟರ್ ಮುಂದೆ ಕೂರೋರು, ಬೆಳಿಗ್ಗೆ ಎದ್ದು ಮಕ್ಕಳ ಡಬ್ಬಿ ಕಟ್ಟೋರು ನಾವು." ಅಂದರೆ ಆಫೀಸಿನವಳು ಒಬ್ಬಳು, ಅಡುಗೆಮನೆಯವಳು ಇನ್ನೊಬ್ಬಳು, ತಾಳ ಹಿಡಿದವಳು ಮೂರನೆಯವಳು. ಮೊದಲಿನ ಇಬ್ಬರೂ ಚಪ್ಪಲಿ ಜೊತೆ ಬಾಗಿಲಲ್ಲೇ ನಿಲ್ಲಬೇಕು, ಮೂರನೆಯವಳು ಮಾತ್ರ ದೇವರ ಮುಂದೆ ಬರಬಹುದು ಅನ್ನೋ ಭಾವನೆ. (ಚಪ್ಪಲಿ ಹೊರಗೆ ಬಿಡೋದರಲ್ಲಿ ನಾವೂ ಜಪಾನಿಯರೂ ಒಂದೇ, ಅದು ಬೇರೆ ಮಾತು.)

ದಾಸರು ಹಾಗೆ ಬಂದವರೇ? ಪುರಂದರದಾಸರನ್ನೇ ನೋಡೋಣ. ನವಕೋಟಿ ನಾರಾಯಣ ಅನ್ನಿಸಿಕೊಂಡಿದ್ದ ಶ್ರೀನಿವಾಸ ನಾಯಕರು ಹೆಂಡತಿ ಸರಸ್ವತಿಯ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದು, ಆಸ್ತಿಯೆಲ್ಲ ದಾನ ಮಾಡಿ ಹೊರಟ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆ ಹೇಳುವಾಗ ನಾವು ಒಂದನ್ನು ಮರೀತೀವಿ. ಹಣ ಬಿಟ್ಟರು, ಅಂಗಡಿಯ ನಾಲಿಗೆ ಬಿಡಲಿಲ್ಲ. ಹರಿನಾಮವನ್ನು ಕಲ್ಲುಸಕ್ಕರೆ ಅಂತ ಬೀದಿಯಲ್ಲಿ ಕೂಗಿ ಮಾರಿದವರು ಯಾರು? ಈ ಸರಕಿಗೆ ಎತ್ತಿನ ಮೇಲೆ ಹೇರುವ ಕಷ್ಟವಿಲ್ಲ, ಸುಂಕವಿಲ್ಲ, ಎಷ್ಟು ಒಯ್ದರೂ ನಷ್ಟವಿಲ್ಲ ಅಂತ ಹೇಳೋಕೆ ಸುಂಕದ ಕಟ್ಟೆಯ ಕಾಟ ಬಲ್ಲ ವರ್ತಕನಿಗೇ ಸಾಧ್ಯ. ಭಿಕ್ಷೆಗೆ ರಾಗಿ ಕೇಳ್ತಾ, ಅದೇ ಪದವನ್ನು ತಿರುಗಿಸಿ "ಹೀಗೆ ನಡೆಯುವವರಾಗಿ" ಅಂತ ಬುದ್ಧಿ ಹೇಳಿದ ಜಾಣ್ಮೆಯೂ ಮಾತಿನಲ್ಲಿ ಪಳಗಿದ ವ್ಯಾಪಾರಿಯದೇ ಅಂತ ನನಗನ್ನಿಸುತ್ತೆ.

ಕನಕದಾಸರೂ ಹೀಗೇ. ಕತ್ತಿ ಹಿಡಿದ ನಾಯಕರಾಗಿದ್ದವರು ಅವರು. ಮೋಹನತರಂಗಿಣಿಯ ಯುದ್ಧವರ್ಣನೆಗಳಲ್ಲಿ ರಣರಂಗ ಕಂಡವರ ಕಣ್ಣಿದೆ. ರಾಮಧಾನ್ಯ ಚರಿತ್ರೆಯಲ್ಲಂತೂ ಬಡವರ ಊಟದ ರಾಗಿಯನ್ನು ಭತ್ತದ ಜೊತೆ ಜಗಳಕ್ಕೆ ನಿಲ್ಲಿಸಿ, ಶ್ರೀರಾಮನಿಂದಲೇ ಗೆಲ್ಲಿಸಿಬಿಟ್ಟರು. ಅಕ್ಕಿಯೇ ದೊರೆಯಾಗಿರೋ ಈ ದೇಶದಲ್ಲಿ, ಊರಿಂದ ಪೆಟ್ಟಿಗೆಯಲ್ಲಿ ರಾಗಿಹಿಟ್ಟು ತುಂಬ್ಕೊಂಡು ಬರೋ ನಮಗೆ ಆ ಕಾವ್ಯದ ರುಚಿ ಒಂದು ಪಟ್ಟು ಹೆಚ್ಚೇ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಹಾಡುಗಳಲ್ಲಿ ಹಸೆ, ಆರತಿ, ಮದುವೆಮನೆಯ ಸಡಗರ ಎಲ್ಲ ಇದೆ. ಮನೆಗೆಲಸ ಮುಗಿಸಿ, ಕೈ ತೊಳೆದು, ಆಮೇಲೆ ಬೇರೆ ಯಾರೋ ಆಗಿ ಬರೆದ ಹಾಡುಗಳಲ್ಲ ಅವು.

ಜಪಾನಿನಲ್ಲೇ ಇದಕ್ಕೊಂದು ಸಾಕ್ಷಿ ಇದೆ. ನಮ್ಮ ಸರಸ್ವತಿ ಬೌದ್ಧಧರ್ಮದ ಜೊತೆ ಚೀನಾ ದಾಟಿ ಇಲ್ಲಿಗೆ ಬಂದು ಬೆನ್‌ಜಾಯ್‌ತೆನ್ ಆದಳು. ಎನೋಶಿಮಾ ದ್ವೀಪಕ್ಕೆ ಹೋದರೆ ಒಂದೇ ಸೂರಿನಡಿ ಅವಳ ಎರಡು ರೂಪ ಕಾಣಬಹುದು: ಎಂಟು ಕೈಗಳಲ್ಲಿ ಆಯುಧ ಹಿಡಿದವಳೊಬ್ಬಳು, ಬಿವಾ ಎಂಬ ತಂತಿವಾದ್ಯ ನುಡಿಸುವವಳೊಬ್ಬಳು. ಅವಳ ಹೆಸರಿನ ನಡುವಿನ 'ಜಾಯ್' ಅನ್ನೋದನ್ನು ಮೊದಲು ಪ್ರತಿಭೆ ಎಂಬರ್ಥದ ಅಕ್ಷರದಲ್ಲಿ ಬರೆಯುತ್ತಿದ್ದರು. ಕಾಲ ಕಳೆದಂತೆ, ಅದೇ ಉಚ್ಚಾರದ, ಸಂಪತ್ತು ಎಂಬರ್ಥದ ಅಕ್ಷರವೂ ಬಳಕೆಗೆ ಬಂತು. ಈಗ ಹಾಡುಗಾರರೂ ಅವಳ ಭಕ್ತರು, ವ್ಯಾಪಾರಿಗಳೂ ಅವಳ ಭಕ್ತರು. ಕಾಮಾಕುರಾದ ಜೆನಿಅರಾಯ್ ಬೆಂತೆನ್ ಗುಡಿಯಲ್ಲಿ ಜನ ಬುಟ್ಟಿಯಲ್ಲಿ ದುಡ್ಡಿಟ್ಟು ಗುಹೆಯ ನೀರಿನಲ್ಲಿ ತೊಳೀತಾರೆ, ತೊಳೆದ ದುಡ್ಡು ಹೆಚ್ಚುತ್ತೆ ಅಂತ. ನಮಗೆ ಇದು ತಮಾಷೆ ಅನ್ನಿಸಬಹುದು. ಆದರೆ ವೀಣೆಯೂ ಗಲ್ಲಾಪೆಟ್ಟಿಗೆಯೂ ಒಬ್ಬಳ ವಶದಲ್ಲೇ ಇರೋದು ನೋಡಿದಾಗ ನನಗೆ ನೆನಪಾಗೋದು ಪುರಂದರದಾಸರು.

ಇಲ್ಲಿ ಒಂದು ತೊಡಕಿದೆ, ಅದನ್ನು ದಾಟಿಸಿ ಹೋಗೋದು ಸರಿಯಲ್ಲ. "ನಿನ್ನೊಳಗಿನ ಎಲ್ಲವನ್ನೂ ಒಪ್ಪಿಕೋ" ಅನ್ನೋ ಮಾತು ಈಗ ಎಲ್ಲೆಡೆ ಕೇಳುತ್ತೆ. ದಾಸರು ಈ ಮಾತಿಗೆ ತಲೆದೂಗುತ್ತಿದ್ದರಾ? ಖಂಡಿತ ಇಲ್ಲ. ಕಾಮ ಕ್ರೋಧ ಲೋಭಗಳೂ ನಮ್ಮೊಳಗಿನವೇ ತಾನೇ? ನಾಯಕರ ಜಿಪುಣತನ ಹಾಡಿಗೆ ಬರಲಿಲ್ಲ. ಬಂದರೂ ಬೈಸಿಕೊಳ್ಳೋದಕ್ಕೆ ಬಂತು. ಬದುಕಿಗಾಗಿ ಕಲಿತ ಕಣ್ಣು, ಕೈ, ನಾಲಿಗೆ ಒಳಗೆ ಬರಬಹುದು. ಆ ಬದುಕು ಅಂಟಿಸಿದ ಲೋಭ ಬಾಗಿಲ ಹೊರಗೆ. ಇವೆರಡನ್ನೂ ಬೇರ್ಪಡಿಸೋದು ಕಷ್ಟ, ಒಮ್ಮೆ ಮಾಡಿ ಮುಗಿಯೋ ಕೆಲಸವೂ ಅಲ್ಲ. ಕೆಲಸದಲ್ಲಿನ ಅಚ್ಚುಕಟ್ಟು ಎಲ್ಲಿ ಮುಗಿಯುತ್ತೆ, 'ನನ್ನಷ್ಟು ಚೆನ್ನಾಗಿ ಇನ್ಯಾರೂ ಮಾಡಲ್ಲ' ಅನ್ನೋದು ಎಲ್ಲಿ ಶುರುವಾಗುತ್ತೆ ಅಂತ ಹೇಳೋದು ಸುಲಭವಲ್ಲ. ಶ್ರುತಿ ಚೆನ್ನಾಗಿರೋ ಹಾಡುಗಾರರಿಗೂ ಇದೇ ಪಾಡು.

ದಾಸರು ಇದಕ್ಕೆ ಮಾಡಿದ ಉಪಾಯ ಅಂಕಿತ ಅಂತ ನನ್ನ ಎಣಿಕೆ. ಹಾಡಿನ ತುಂಬ ಅವರಿದ್ದಾರೆ: ಅವರ ಊರು, ಕಸುಬು, ಸಿಟ್ಟು, ಹಾಸ್ಯ ಎಲ್ಲ. ಕೊನೆಗೆ ಸಹಿ ಹಾಕುವ ಜಾಗದಲ್ಲಿ ಮಾತ್ರ ಸ್ವಾಮಿಯ ಹೆಸರು. ಪುರಂದರವಿಠಲ, ಕಾಗಿನೆಲೆ ಆದಿಕೇಶವ, ಭೀಮೇಶಕೃಷ್ಣ. ಮಾಲು ತಂದವನು ಒಬ್ಬ, ಅಂಗಡಿ ಇನ್ನೊಬ್ಬನದು. ಅವನು ಸ್ವತಂತ್ರ, ನಾವು ಅವನ ಅಧೀನ ಅನ್ನೋ ಮಧ್ವಸಿದ್ಧಾಂತವನ್ನು ಅರ್ಧ ಸಾಲಿನಲ್ಲಿ ತಂದುಬಿಟ್ಟರು. ಅಷ್ಟಾದ ಮೇಲೆ ಉಳಿದ ಸಾಲುಗಳಲ್ಲಿ ತಾವು ತಾವಾಗಿರೋಕೆ ಅವರಿಗೆ ಯಾವ ಅಂಜಿಕೆಯೂ ಇರಲಿಲ್ಲ.

ಹಾಗಾಗಿ ಡಬ್ಬಿ ಕಟ್ಟೋ ಕೈಗೂ ಹಾಡು ಬರುತ್ತೆ. ಮಗುವನ್ನು ಮಲಗಿಸ್ತಾ ಗುನುಗೋ ಎರಡು ಸಾಲು, ದೇವರ ಮುಂದೆ ಹಾಕೋ ಹೊಸ ರಂಗೋಲಿ ಎಳೆ, ಇಲ್ಲಿ ಸಿಗೋ ಕಾಕಿ ಹಣ್ಣಿನಲ್ಲಿ ಮಾಡಿದ ರಸಾಯನದ ನೈವೇದ್ಯ, ಇವೆಲ್ಲ ಸೃಷ್ಟಿಯೇ. ಟೋಕಿಯೋದ ನಮ್ಮ ಭಜನೆಗೆ ಬರೋ ಒಬ್ಬರು ಯಾಮಾನೋತೆ ರೈಲಿನಲ್ಲಿ ನಿಂತುಕೊಂಡೇ ಒಂದು ಪದ ಕಟ್ಟಿದ್ದಾರೆ. ರೈಲಿನಲ್ಲಿ ದನಿ ಎತ್ತೋ ಹಾಗಿಲ್ಲವಲ್ಲ, ಮನಸ್ಸಿನಲ್ಲೇ ಹಾಡಿಕೊಂಡು ಕಟ್ಟಿದ್ದು. 30 ನಿಲ್ದಾಣ, ಸುಮಾರು ಒಂದು ಗಂಟೆಗೆ ಒಂದು ಸುತ್ತು. ದಿನವೂ ಪ್ರದಕ್ಷಿಣೆ ಹಾಕೋ ಈ ರೈಲಿಗೆ ಗರ್ಭಗುಡಿ ಯಾವುದು ಅಂತ ಕೇಳೋ ಹಾಡು. ಎರಡನೇ ನುಡಿಯಲ್ಲಿ ಶಿಂಜುಕು ಅನ್ನೋ ಹೆಸರು ಇನ್ನೂ ತಾಳಕ್ಕೆ ಕೂತಿಲ್ಲ. ಗುರುಗಳಿಂದ ಅಂಕಿತ ಪಡೆದವರಲ್ಲವಾದ್ದರಿಂದ ಕೊನೆಗೆ 'ಶ್ರೀಹರಿ' ಅಂತಷ್ಟೇ ಇಟ್ಟಿದ್ದಾರೆ. ಮುಂದಿನ ಏಕಾದಶಿಗೆ ಹಾಡಿಸೋಣ ಅಂತಿದ್ದೀವಿ.