ಗುಟ್ಟಿನ ಬೆಲೆ 98 ರೂಪಾಯಿ

ಮೆಡಿಕಲ್ ಅಂಗಡಿಯ ಕೌಂಟರಿಗೆ ಮೊಣಕೈ ಊರಿ ನಿಂತು ಹರಟೆ ಹೊಡೆಯುವುದು ನಮ್ಮ ಕಡೆಯ ಗಂಡಸರ ಹಳೆಯ ಚಾಳಿ. ಯಾದಗಿರಿ, ಶಹಾಪುರ, ಸುರಪುರ - ಈ ಮೂರರಲ್ಲಿ ಯಾವ ಊರಿಗಾದರೂ ಹೋಗಿ, ಮಗರಿಬ್ ನಮಾಝ್ ಮುಗಿದ ಹೊತ್ತಿಗೆ ಔಷಧಿ ಅಂಗಡಿಗಳತ್ತ ಕಣ್ಣು ಹಾಯಿಸಿ. ಗುಳಿಗೆ ಕೊಳ್ಳುವವರಿಗಿಂತ ಸ್ಟೂಲಿನ ಮೇಲೆ ಕೂತು ಪೇಪರು ಓದುವವರು, ರಾಜಕೀಯ ಮಾತಾಡುವವರು ಹೆಚ್ಚಿರುತ್ತಾರೆ. ನಾನೂ ಅವರಲ್ಲೊಬ್ಬ. ಕತೆ ಬರೆಯುವವನಿಗೆ ಇಂಥ ಜಾಗಗಳಲ್ಲಿ ಏನಾದರೂ ಸಿಗುತ್ತದೆ ಎಂಬ ನೆಪ ಬೇರೆ.

ಎರಡು ಮೂರು ವರ್ಷದ ಹಿಂದಿನ ಮಾತು. ಪರಿಚಯದವರೊಬ್ಬರ ಅಂಗಡಿಯಲ್ಲಿ ಹೀಗೇ ನಿಂತಿದ್ದೆ. ಕಂಕುಳಲ್ಲಿ ಕೂಸು ಹೊತ್ತ ಹೆಣ್ಣುಮಗಳೊಬ್ಬಳು ಮೆಟ್ಟಿಲ ಹತ್ತಿರ ಬಂದು ನನ್ನನ್ನು ನೋಡಿ ನಿಂತಳು. ಅವಳ ದೊಡ್ಡ ಮಗ ನಾನು ಪಾಠ ಹೇಳುವ ಶಾಲೆಯಲ್ಲಿ ಓದುತ್ತಿದ್ದ. ಗಂಡ ಊರು ಬಿಟ್ಟು ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದವನು, ಹಬ್ಬಕ್ಕೆ ಬಂದು ಹೋಗಿದ್ದ. ಒಂದು ಗಳಿಗೆ ಅತ್ತ ಇತ್ತ ನೋಡಿ, "ಜ್ವರದ ಗುಳಿಗಿ ಎರಡು ಕೊಡ್ರಿ" ಎಂದಳು. ಮುಷ್ಟಿಯಲ್ಲಿ ಮಡಚಿದ ನೂರರ ನೋಟು. ಚಿಲ್ಲರೆ ಎಣಿಸಿಕೊಂಡು ಹೋದಳು.

ಅವಳು ರಸ್ತೆ ದಾಟುವ ಮೊದಲೇ ಅಂಗಡಿಯವರು ನಕ್ಕರು. "ಸರ್, ಆಕಿ ಬಂದಿದ್ದು ಜ್ವರದ ಗುಳಿಗಿಗಿ ಅಲ್ರೀ. ಎಪ್ಪತ್ತೆರಡು ತಾಸಿನ ಗುಳಿಗಿ ಎಷ್ಟಂತ ಮುಂಜಾನಿ ಬಂದು ಕೇಳಿ ಹೋಗ್ಯಾಳ್ರೀ. ನೂರು ರೂಪಾಯಿ ಅಂದೆ. ರೊಕ್ಕ ತರ್ತೀನಂತ ಹೋದಾಕಿ, ಈಗ ನಿಮ್ಮನ್ನ ನೋಡಿದ್ದೇ ತಡ ಜ್ವರ ಬಂತು ನೋಡ್ರೀ!"

ನಾನೂ ನಕ್ಕೆ.

ಆ ನಗು ಆಮೇಲೆ ನನ್ನನ್ನು ಬಿಡಲಿಲ್ಲ. ಅದರ ಲೆಕ್ಕ ಒಪ್ಪಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಅವಳು ಕೇಳಬೇಕೆಂದಿದ್ದ ಗುಳಿಗೆಯ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಅದರ ಬಗ್ಗೆ ಆಡುವ ಮಾತಿನಲ್ಲಿ ಅರ್ಧಕ್ಕರ್ಧ ತಪ್ಪು. ಲೆವೊನಾರ್ಜೆಸ್ಟ್ರೆಲ್ ಎಂಬುದು ಅದರೊಳಗಿನ ಔಷಧಿ. 2002-03ರ ಹೊತ್ತಿಗೆ ಸರಕಾರದ ಕುಟುಂಬ ಕಲ್ಯಾಣ ಕಾರ್ಯಕ್ರಮದಲ್ಲಿ ಸೇರಿತು. 2005ರಿಂದ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದೆಂದಾಯಿತು. 2007ರಲ್ಲಿ ಐ-ಪಿಲ್ ಎಂಬ ಒಂದೇ ಗುಳಿಗೆಯ ಪೊಟ್ಟಣ ಬಂದು, ಟಿ.ವಿ. ಜಾಹೀರಾತಿನಿಂದ ಹಳ್ಳಿಗೂ ಹೆಸರು ತಲುಪಿತು. ಇದು ಗರ್ಭಪಾತದ ಗುಳಿಗೆ ಅಲ್ಲ. ಹೆಣ್ಣಿನ ದೇಹದಲ್ಲಿ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ ಇಲ್ಲವೆ ಮುಂದೂಡುತ್ತದೆ. ಗರ್ಭ ಆಗಲೇ ನಿಂತಿದ್ದರೆ ಅದನ್ನು ಕೆಡಿಸುವ ಶಕ್ತಿ ಇದಕ್ಕಿಲ್ಲ. ಮೂರು ದಿನದೊಳಗೆ ತೆಗೆದುಕೊಳ್ಳಬೇಕು, ಮೊದಲ ದಿನವೇ ಆದರೆ ಇನ್ನೂ ಒಳ್ಳೆಯದು. ಎದೆಹಾಲು ಕುಡಿಸುವವಳೂ ತೆಗೆದುಕೊಳ್ಳಬಹುದು. ನುಂಗಿದ ಎರಡು ತಾಸಿನೊಳಗೆ ವಾಂತಿಯಾದರೆ ಮತ್ತೊಂದು ನುಂಗಬೇಕು. ಮುಟ್ಟು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕು. ದಿನನಿತ್ಯದ ಉಪಾಯ ಇದಲ್ಲ, ರೋಗಗಳಿಂದ ಇದು ಕಾಪಾಡುವುದೂ ಇಲ್ಲ. ಕೌಂಟರಿನವನು ಒಂದು ನಿಮಿಷದಲ್ಲಿ ಹೇಳಬಹುದಾದದ್ದು ಇಷ್ಟೇ. ಆದರೆ ಅವನು ಹೇಳುವುದಿಲ್ಲ. ಪೇಪರಿನಲ್ಲಿ ಸುತ್ತಿ, ಕಳ್ಳಮಾಲು ದಾಟಿಸುವಂತೆ ದೂಡುತ್ತಾನೆ. ಇಲ್ಲವೆ ಮದುವೆಯಾಗಿದೆಯೇ, ಚೀಟಿ ತಂದೀಯಾ, ಯಾರಿಗೆ ಎಂದು ಕಾನೂನು ಕೇಳದ ಪ್ರಶ್ನೆ ಕೇಳುತ್ತಾನೆ.

ಬೆಲೆಯ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಸುಮಾರು 100 ರೂಪಾಯಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ 349 ರೂಪಾಯಿ ಇತ್ತು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣಾಳಿಗೆ ಅಷ್ಟು ಸಿಕ್ಕೀತೆಂಬ ಭರವಸೆಯಿಲ್ಲ. ಸಿಕ್ಕಿತೆಂದೇ ಇಟ್ಟುಕೊಂಡರೂ ದಿನದ ದುಡಿಮೆಯ ಕಾಲುಭಾಗಕ್ಕಿಂತ ಹೆಚ್ಚು. "ಈಗ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದಲ್ಲ?" ಎಂದು ಗೆಳೆಯರೊಬ್ಬರು ಕೇಳಿದರು. 2023ರಲ್ಲಿ ಶುರುವಾದ ಆ ಹಣ ಬರುವುದು ಅವಳ ಖಾತೆಗೇ, ಒಪ್ಪೋಣ. ಎ.ಟಿ.ಎಂ. ಕಾರ್ಡು ಯಾರ ಜೇಬಿನಲ್ಲಿದೆ ಎಂದು ಅವರು ಕೇಳಲಿಲ್ಲ.

ಇನ್ನೊಂದು ಕಡೆ ಇದೇ ಗುಳಿಗೆ ಹೆಚ್ಚು ಕಡಿಮೆ ಪುಕ್ಕಟೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಗರ್ಭನಿರೋಧಕ ತಲುಪಿಸುವ ಕೇಂದ್ರದ ಯೋಜನೆ 2011ರಲ್ಲಿ ಬಂತು. ಅದರಲ್ಲಿ ಈ ಗುಳಿಗೆಗೆ ಇಟ್ಟ ಬೆಲೆ 2 ರೂಪಾಯಿ. ದಾಸ್ತಾನು ಇದ್ದರೆ ಸರಕಾರಿ ದವಾಖಾನೆಯಲ್ಲಿ ಅದೂ ಇಲ್ಲ. ಹಾಗಾದರೆ ಅವಳು 2 ರೂಪಾಯಿ ಬಿಟ್ಟು 100ರ ನೋಟು ಹಿಡಿದು ಅಂಗಡಿಗೆ ಬಂದದ್ದೇಕೆ?

ಆಶಾ ಅದೇ ಓಣಿಯವಳು. ಅತ್ತೆಯ ದೂರದ ಸಂಬಂಧಿ, ನಾದಿನಿಯ ಗೆಳತಿ, ಸಂಘದ ಕಂತು ಕಟ್ಟುವಾಗ ಪಕ್ಕದಲ್ಲಿ ಕೂರುವವಳು. ಬಸುರಿಯನ್ನು ದವಾಖಾನೆಗೆ ಕರೆದೊಯ್ಯುವಾಗ, ಕೂಸಿಗೆ ಲಸಿಕೆ ಹಾಕಿಸುವಾಗ ಆ ಸಲಿಗೆಯೇ ಆಕೆಯ ಬಲ. ಈ ಒಂದು ಗುಳಿಗೆಯ ಮಟ್ಟಿಗೆ ಮಾತ್ರ ಅದೇ ಅಡ್ಡಿ. ಅಲ್ಪ ಗೌರವಧನಕ್ಕೆ ಓಣಿ ಓಣಿ ತಿರುಗುವ ಆಶಾಳ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ಆದರೆ ಆಕೆಯ ರಿಜಿಸ್ಟರಿನಲ್ಲಿ ಇರುವುದು ದಂಪತಿಗಳ ಪಟ್ಟಿ. ವಿಧವೆ, ಗಂಡ ಬಿಟ್ಟವಳು, ಮದುವೆಯಾಗದವಳು ಯಾವ ಸಾಲಿನಲ್ಲಿ ಬರುತ್ತಾಳೆ? ಅವರಿಗೆ ಉಳಿದಿರುವುದು ಅಂಗಡಿ ಮಾತ್ರ. ನಡುವಿನ 98 ರೂಪಾಯಿ ಔಷಧಿಯ ಬೆಲೆಯಲ್ಲ, ಗುಟ್ಟಿನ ಬೆಲೆ. ನನ್ನ ಪರಿಚಯದ ಆ ಅಂಗಡಿಯಲ್ಲಿ ಅದನ್ನು ಕೊಟ್ಟರೂ ಗುಟ್ಟು ಸಿಗಲಿಲ್ಲ. ನೋಟು ಅವಳ ಮುಷ್ಟಿಯಲ್ಲಿರುವಾಗಲೇ ಗುಟ್ಟು ನನ್ನ ಕಿವಿಗೆ ಬಿದ್ದಿತ್ತು.

ಇಲ್ಲಿ ಧರ್ಮದ ಮಾತು ಎತ್ತುವವರಿದ್ದಾರೆ. ಎತ್ತಲಿ, ಎತ್ತಬೇಕಾದದ್ದೇ. ಗರ್ಭ ನಿಲ್ಲದಂತೆ ಗಂಡ ಹಿಂದೆ ಸರಿಯುವ ಪದ್ಧತಿಗೆ ಅರಬಿಯಲ್ಲಿ ಅಝ್ಲ್ ಎನ್ನುತ್ತಾರೆ. ಕುರ್‌ಆನ್ ಅವತೀರ್ಣಗೊಳ್ಳುತ್ತಿದ್ದ ಕಾಲದಲ್ಲೇ ಅದು ನಮ್ಮಲ್ಲಿ ನಡೆಯುತ್ತಿತ್ತೆಂದು ಸಹಾಬಿ ಜಾಬಿರ್ ಅವರಿಂದ ಬಂದ ಹದೀಸ್ ಪ್ರಸಿದ್ಧವಾಗಿದೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿ ತಮ್ಮ 'ಇಹ್ಯಾ'ದ ನಿಕಾಹ್ ಅಧ್ಯಾಯದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಹೆಂಡತಿಯ ಜೀವದ ಚಿಂತೆ, ಹೆಚ್ಚು ಮಕ್ಕಳಿಂದ ಬರುವ ಕಷ್ಟದ ಅಂಜಿಕೆ ಇಂಥ ಕಾರಣಗಳನ್ನು ಅವರು ತಳ್ಳಿಹಾಕಲಿಲ್ಲ. ಹೆಣ್ಣು ಹುಟ್ಟೀತೆಂಬ ಭಯದಿಂದ ತಡೆಯುವುದನ್ನು ಮಾತ್ರ ಕೆಟ್ಟ ನಿಯ್ಯತ್ ಎಂದರು. ನಿಂತ ಗರ್ಭವನ್ನು ತೆಗೆಯುವುದು ಬೇರೆ, ನಿಲ್ಲುವ ಮೊದಲು ತಡೆಯುವುದು ಬೇರೆ ಎಂದೂ ಸ್ಪಷ್ಟವಾಗಿ ಬರೆದರು. ಇಬ್ನ್ ಹಝ್ಮ್‌ರಂಥವರು ಅಝ್ಲ್ ಕೂಡದೆಂದವರು. ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಅಂದೂ ಇತ್ತು, ಇಂದೂ ಇದೆ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಪರಂಪರೆ ಇನ್ನೊಂದು ಮಾತು ಸೇರಿಸಿತು: ಹೆಂಡತಿಯ ಒಪ್ಪಿಗೆ ಬೇಕು. ಅಝ್ಲ್ ಗಂಡಸಿನ ಕೈಯಲ್ಲಿರುವ ಉಪಾಯ, ಗುಳಿಗೆ ಹೆಂಗಸಿನ ಕೈಯಲ್ಲಿರುವುದು. ಸಾವಿರ ವರ್ಷದ ಚರ್ಚೆಯಲ್ಲಿ ಅವಳ ಒಪ್ಪಿಗೆಗೆ ಜಾಗ ಇತ್ತೆಂಬುದು ನಮ್ಮ ಮೊಹಲ್ಲಾದ ತಕರೀರುಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಕಡಿಮೆ.

"ಗಂಡ ಹೆಂಡಿರ ಮಾತು ಸರಿ, ಕುಂವಾರಿ ಹುಡುಗಿ ಬಂದು ಕೇಳಿದರೆ? ಪಾಪಕ್ಕೆ ನಾವು ಕೈಜೋಡಿಸಿದಂತಲ್ಲವೇ?" ಇದು ಅಂಗಡಿಯ ನನ್ನ ಪರಿಚಯದವರ ಪ್ರಶ್ನೆ. ಅವರು ದುಷ್ಟರಲ್ಲ. ದುಡ್ಡಿಲ್ಲದವರಿಗೆ ಕೂಸಿನ ಔಷಧಿ ಉದ್ದರಿ ಕೊಟ್ಟು ಬರೆದಿಡದೆ ಬಿಡುವ ಮನುಷ್ಯ. ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳುವಂತಿಲ್ಲ. ನಿಕಾಹ್‌ನ ಹೊರಗಿನ ಸಂಬಂಧ ಪಾಪವೆಂದು ನಂಬುವವನು ನಾನು. ಆದರೆ ಗುಳಿಗೆ ಕೇಳುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ. ಕೊಡದಿದ್ದರೆ ಅದು ಇಲ್ಲವಾಗುವುದಿಲ್ಲ. ಅವಳ ಇಷ್ಟವಿಲ್ಲದೆಯೇ ಆಗಿದ್ದರೆ? ಅದನ್ನು ಕೌಂಟರಿನ ಮುಂದೆ ನಿಂತು, ಪೇಪರು ಓದುವ ನಾಲ್ವರ ನಡುವೆ, ಅವಳು ಬಾಯಿ ಬಿಟ್ಟು ಹೇಳಬೇಕೇ?

ಹಝ್ರತ್ ಉಮರ್ ಅವರ ಬಗ್ಗೆ ಹಳೆಯ ಗ್ರಂಥಗಳಲ್ಲಿ ಒಂದು ಪ್ರಸಂಗವಿದೆ. ರಾತ್ರಿ ಗಸ್ತು ತಿರುಗುವಾಗ ಒಂದು ಮನೆಯೊಳಗಿಂದ ಸದ್ದು ಕೇಳಿ ಗೋಡೆ ಹತ್ತಿ ಇಳಿದರಂತೆ. ಒಳಗಿದ್ದವನು ತಪ್ಪು ಮಾಡುತ್ತಿದ್ದುದು ನಿಜ. ಆದರೆ ಅವನು ಖಲೀಫರಿಗೇ ಎದುರು ಹೇಳಿದ: ನನ್ನದು ಒಂದು ತಪ್ಪು, ನಿಮ್ಮದು ಮೂರು. ಗೂಢಚರ್ಯೆ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಸಲಾಮ್ ಹೇಳಲಿಲ್ಲ. ಉಮರ್ ಅದನ್ನು ಒಪ್ಪಿಕೊಂಡು ಹೊರಟುಹೋದರಂತೆ. ಅಷ್ಟು ದೊಡ್ಡ ಅಧಿಕಾರವಿದ್ದವರಿಗೇ ಇರದ ಹಕ್ಕು, ಡಿ.ಫಾರ್ಮಾ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದವರಿಗೆ ಎಲ್ಲಿಂದ ಬಂತು? ಪಕ್ಕದಲ್ಲಿ ನಿಂತ ನನಗೆ ಎಲ್ಲಿಂದ ಬಂತು? ಅಲ್ಲಾಹನ ಹೆಸರುಗಳಲ್ಲಿ ಸತ್ತಾರ್ ಎಂಬುದನ್ನು ನಾವು ಬಾಯಿತುಂಬ ಹೇಳುತ್ತೇವೆ, ಮಕ್ಕಳಿಗೆ ಅಬ್ದುಲ್ ಸತ್ತಾರ್ ಎಂದು ಹೆಸರಿಡುತ್ತೇವೆ. ಮನುಷ್ಯರ ಕೊರತೆಗಳನ್ನು ಮುಚ್ಚುವವನು ಎಂದು ಅದರ ಅರ್ಥ.

ನಾನು ಏಳನೇ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿದವನು. ಅಲ್ಲಿ ಹಯಾ ಎಂದರೂ ಶರಮ್ ಎಂದರೂ ಒಂದೇ ಎಂಬಂತೆ ಕಲಿಸಿದರು. ಕನ್ನಡ ಶಾಲೆಗೆ ಬಂದ ಮೇಲೆ ಎರಡೂ ಸೇರಿ ನಾಚಿಕೆಯಾದವು. ಈಗ ಅನ್ನಿಸುತ್ತದೆ, ಅವು ಬೇರೆ ಬೇರೆ. ಶರಮ್ ಬೇರೆಯವರ ಕಣ್ಣಿನಿಂದ ನಮ್ಮ ಮೈಮೇಲೆ ಬೀಳುವುದು, ಹಯಾ ನಮ್ಮ ಕಣ್ಣಿನಲ್ಲಿ ಇರಬೇಕಾದದ್ದು. ಸೂರಃ ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ, ಅನಂತರ ಹೆಂಗಸರಿಗೆ. ಅಂದು ಸಂಜೆ ಹಯಾ ಇರಬೇಕಾಗಿದ್ದದ್ದು ನನಗೆ. ಶರಮ್ ಪಟ್ಟು ಮನೆಗೆ ಹೋದವಳು ಅವಳು.

ಈ ಗುಳಿಗೆಯನ್ನು ಹಾಡಿ ಹೊಗಳುವವರ ಗುಂಪಿಗೂ ನಾನು ಸೇರಿದವನಲ್ಲ. ಇದರಿಂದ ಗಂಡಸರಿಗೆ ಒಂದು ಸುಲಭದ ದಾರಿ ಸಿಕ್ಕಿದೆ. ನಿರೋಧ್ ಬಳಸುವ ಕಿರಿಕಿರಿ ಇಲ್ಲ, ನಾಳೆ ಒಂದು ಗುಳಿಗೆ ತಂದುಕೊಟ್ಟರಾಯಿತು ಎಂಬ ಧೋರಣೆ. ತಿಂಗಳಿಗೆ ಎರಡು ಮೂರು ಸಲ ನುಂಗಿ, ಮುಟ್ಟು ಏರುಪೇರಾಗಿ ಒದ್ದಾಡುವವಳು ಹೆಂಗಸು. ಗಂಡಸು ಬಂದು ಕೇಳಿದರೆ ಅದೇ ಅಂಗಡಿಯಲ್ಲಿ ಪ್ರಶ್ನೆಯಿಲ್ಲ ಎಂಬುದನ್ನೂ ಗಮನಿಸಿದ್ದೇನೆ. ಅವನಿಗೆ ಚೀಟಿ ಬೇಡ, ಮದುವೆ ಬೇಡ, ಪೇಪರಿನ ಸುತ್ತು ಮಾತ್ರ ಸಾಕು.

ಕೊಡದೆ ಕಳಿಸಿದರೆ ಆಗುವುದೇನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಒಂದೂವರೆ ತಿಂಗಳ ಮೇಲೆ ಅವಳಿಗೆ ಬೇಕಾಗುವುದು ಬೇರೆ ಗುಳಿಗೆ, ನಿಜವಾಗಿಯೂ ಗರ್ಭ ತೆಗೆಯುವ ಗುಳಿಗೆ. ಅದಕ್ಕೆ ವೈದ್ಯರ ಚೀಟಿ ಕಡ್ಡಾಯ. 1971ರ ಕಾನೂನು, 2021ರ ತಿದ್ದುಪಡಿ, ಎಲ್ಲವೂ ಅದನ್ನು ವೈದ್ಯರ ಕೈಯಲ್ಲೇ ಇಟ್ಟಿವೆ. ಆದರೆ ಚೀಟಿಯಿಲ್ಲದೆ, ಕೇಳಿದಷ್ಟು ದುಡ್ಡಿಗೆ ಅದು ಕೈಗೆ ಸಿಗುವ ಕಡೆಗಳಿವೆ. ಮೊದಲ ದಿನ ಪಾಪ ಪುಣ್ಯ ಕೇಳಿದ ಕೌಂಟರು ಆಗ ಏನೂ ಕೇಳುವುದಿಲ್ಲ. ಮನೆಯಲ್ಲೇ ನುಂಗಿ, ರಕ್ತ ನಿಲ್ಲದೆ, ರಾತ್ರೋರಾತ್ರಿ ಕಲಬುರಗಿಯ ದಾರಿ ಹಿಡಿಯುವವರಿದ್ದಾರೆ.

ಒಂದು ವಿಚಿತ್ರ ಹೇಳಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಆಯಿತಲ್ಲ, ಅದು ಈ ಗುಟ್ಟಿನ ಬೆಲೆಯನ್ನು ಸ್ವಲ್ಪ ಇಳಿಸಿದೆ. ಸುರಪುರದವಳು ಶಹಾಪುರಕ್ಕೆ, ಶಹಾಪುರದವಳು ಯಾದಗಿರಿಗೆ ಬಸ್ಸು ಹತ್ತುತ್ತಾಳೆ, ಗುರುತಿಲ್ಲದ ಅಂಗಡಿ ಹುಡುಕುತ್ತಾಳೆ. ಇದನ್ನು ನನಗೆ ಹೇಳಿದವರು ನನ್ನ ಹೆಂಡತಿ. ನನ್ನ ಕತೆಗಳಿಗೆ ಕಿವಿಯೇ ಇಲ್ಲ ಎಂಬುದು ಆಕೆಯ ಹಳೆಯ ದೂರು. ಆದರೆ ಅದಕ್ಕೂ ಒಂದು ದಿನ ಬೇಕು, ಅತ್ತೆಗೆ ಹೇಳಲು ನೆವ ಬೇಕು, ಕೂಸನ್ನು ನೋಡಿಕೊಳ್ಳುವವರು ಬೇಕು. 72 ತಾಸಿನ ಲೆಕ್ಕ ಬಸ್ಸಿಗಾಗಿ ಕಾಯುವುದಿಲ್ಲ. 1930ರಲ್ಲಿ ಮೈಸೂರು ಸಂಸ್ಥಾನ ಸರಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಾಗ ಈ ಮೂರು ಊರು ನಿಜಾಮರ ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಆಮೇಲೆ ನಾವೂ ಮೈಸೂರಿಗೆ ಸೇರಿದೆವು, ಯಾದಗಿರಿ ಜಿಲ್ಲೆಯಾಯಿತು, ಮೆಡಿಕಲ್ ಕಾಲೇಜೂ ಬಂತು. ಅಂಗಡಿಯ ಮೆಟ್ಟಿಲಿನಿಂದ ಕೌಂಟರಿನವರೆಗಿನ ದೂರ ಅಷ್ಟೇ ಇದೆ.

ಆ ಅಂಗಡಿಯವರೊಂದಿಗೆ ಆಮೇಲೆ ಒಂದು ದಿನ ಈ ಮಾತೆಲ್ಲ ಆಡಿದೆ. ಸುಮ್ಮನೆ ಕೇಳಿಸಿಕೊಂಡರು. "ಹೇಳೋದು ಖರೇ ಸರ್. ಆದ್ರ ನೀವೆಲ್ಲಾ ಇಲ್ಲಿ ನಿಂತಿರ್ತೀರಿ, ನಾ ಏನ್ ಮಾಡ್ಲಿ?" ಎಂದರು. ಸ್ಟೂಲು ಎರಡನ್ನೂ ಒಳಗೆ ಇಟ್ಟುಬಿಡಿ ಎಂದೆ. ಒಂದನ್ನು ಇಟ್ಟರು.

ಮರುವರ್ಷ ಆ ಹೆಣ್ಣುಮಗಳು ಮಗನ ಟಿ.ಸಿ. ಕೇಳಿಕೊಂಡು ಶಾಲೆಗೆ ಬಂದಳು. ಎಲ್ಲರೂ ಪುಣೆಗೆ ಹೊರಟಿದ್ದರು. ರಿಜಿಸ್ಟರು ತೆಗೆದು ಅವಳ ಮುಂದಿಟ್ಟೆ. ಎಲ್ಲಿ ಸಹಿ ಮಾಡಬೇಕೆಂದು ಕೇಳಿದಳು. ಬೆರಳಿಟ್ಟು ತೋರಿಸಿದೆ, ತಲೆ ಎತ್ತಲಿಲ್ಲ.